ಗಂಜಿ ಚೆಲ್ಲಬಾರದು

ಜೂನ್ 1 ಬಂತೆಂದರೆ ನಮ್ಮ ಮನೆಯವರ ಮುಖ ಸಣ್ಣದಾಗುತ್ತದೆ. ಅವತ್ತಿನಿಂದ ಜುಲೈ 31ರವರೆಗೆ, ಲೆಕ್ಕ ಹಾಕಿ 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಅವು ಒತ್ತೊತ್ತಾಗಿ ನಿಂತು ಮಳೆಯಲ್ಲಿ ನೆನೆಯುತ್ತವೆ. ಮೀನು ಮೊಟ್ಟೆ ಇಡುವ ಕಾಲ, ಅವುಗಳನ್ನು ಅವುಗಳ ಪಾಡಿಗೆ ಬಿಡಬೇಕು, ಸರಿ. ಆದರೆ ಬಂಗುಡೆ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯದ ಕಾರವಾರದವರ ಪಾಡು? ಪೇಟೆಯಲ್ಲಿ ಹೊಳೆ ಮೀನು ಸಿಗುತ್ತದೆ, ಸಣ್ಣ ದೋಣಿಯವರು ದಡದ ಹತ್ತಿರ ಹಿಡಿದ ನಾಲ್ಕು ಮೀನು ಸಿಗುತ್ತದೆ. ಬೆಲೆ ಕೇಳಿದ ಮೇಲೆ ಒಣಮೀನಿನ ಬುಟ್ಟಿಯ ಕಡೆ ಕಾಲು ತಾನೇ ತಿರುಗುತ್ತದೆ.

ಹೀಗಾಗಿ ಮಳೆಗಾಲದಲ್ಲಿ ನಮ್ಮಲ್ಲಿ ಕೋಳಿಗೆ ಮರ್ಯಾದೆ ಜಾಸ್ತಿ. ಆದರೆ ಅದಕ್ಕೂ ವಾರ ನೋಡಬೇಕು. ಸೋಮವಾರ ಆಯಿ, ಅಂದರೆ ಅಮ್ಮ, ತಿನ್ನುವುದಿಲ್ಲ. ಗುರುವಾರ ಹೆಂಡತಿ ತಿನ್ನುವುದಿಲ್ಲ. ಶನಿವಾರ ಇಬ್ಬರೂ ತಿನ್ನುವುದಿಲ್ಲ. ಮಂಗಳವಾರದ್ದು ಇನ್ನೂ ತೀರ್ಮಾನವಾಗಿಲ್ಲ, ಆ ವಾರ ಯಾವ ಸಂಕಟ ಬಂದಿದೆ ಅನ್ನುವುದರ ಮೇಲೆ ಹೋಗುತ್ತದೆ. ಉಳಿದದ್ದು ಬುಧವಾರ, ಶುಕ್ರವಾರ, ಭಾನುವಾರ. ಭಾನುವಾರ ಪುರುಸೊತ್ತು ಇರುತ್ತದೆ, ಕೋಳಿ ಸಾರು, ವಡೆ ಎಲ್ಲ ಆಗುತ್ತದೆ. ಸಮಸ್ಯೆ ಇರುವುದು ಬುಧವಾರ ಮತ್ತು ಶುಕ್ರವಾರದ ರಾತ್ರಿಯಲ್ಲಿ. ನಾನು ಆಫೀಸಿನಿಂದ ಬರುವಾಗ ಆರೂವರೆ, ಹೆಂಡತಿ ಬರುವಾಗ ಏಳೂವರೆ, ಮಕ್ಕಳಿಗೆ ಎಂಟಕ್ಕೇ ಹಸಿವು. ಆ ಹೊತ್ತಿಗೆ ಕೊತ್ತಂಬರಿ ಹುರಿದು, ತೆಂಗಿನಕಾಯಿ ತುರಿದು, ಮಸಾಲೆ ರುಬ್ಬಿ ಕೋಳಿ ಸಾರು ಮಾಡುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ. ಕರೆಂಟು ಇದ್ದರೆ ತಾನೇ ರುಬ್ಬುವುದು.

ಇಂಥ ಒಂದು ಬುಧವಾರ ನಮ್ಮ ಅಡುಗೆಮನೆಗೆ ಪಾಸ್ತಾ ಬಂತು.

ಕಾರವಾರದಲ್ಲಿ ಪಾಸ್ತಾ ಸಿಗುವುದು ಈಗ ದೊಡ್ಡ ಮಾತಲ್ಲ. ನಾನು ಚಿಕ್ಕವನಿದ್ದಾಗ ಅದನ್ನು ನೋಡಿದ್ದು ಒಂದೇ ಸಲ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಒಂದು ಪೊಟ್ಟಣ ಮ್ಯಾಕರೋನಿ ತಂದಿದ್ದರು. ಏನು ಮಾಡಬೇಕೆಂದು ಯಾರಿಗೂ ಗೊತ್ತಾಗದೆ ಅದು ಹಪ್ಪಳದ ಡಬ್ಬಿಯಲ್ಲಿ ಎರಡು ಮಳೆಗಾಲ ಕಳೆಯಿತು. 2005ರಲ್ಲಿ ಅರ್ಗಾದಲ್ಲಿ ಐಎನ್‌ಎಸ್ ಕದಂಬ ಶುರುವಾದ ಮೇಲೆ ದೇಶದ ನಾಲ್ಕೂ ಮೂಲೆಯವರು ಇಲ್ಲಿಗೆ ಬಂದರು. ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟವರ ಕಥೆ ಬೇರೆ, ಅದನ್ನು ಊಟದ ವಿಷಯದ ನಡುವೆ ಹೇಳಬಾರದು. ಅಂತೂ ಅಂಗಡಿಗಳಲ್ಲಿ ಚೀಸು, ಕ್ರೀಮು, ಬಗೆಬಗೆಯ ಪಾಸ್ತಾ ಕಾಣಿಸಿಕೊಂಡವು. ನಾನು ತಂದದ್ದು ಪೆನ್ನೆ. ಇಟಲಿಯ ಮಾತಿನಲ್ಲಿ ಗರಿಯ ಲೇಖನಿ ಎಂದು ಅರ್ಥವಂತೆ. ಎರಡೂ ತುದಿ ಓರೆಯಾಗಿ ಕತ್ತರಿಸಿದ ಕೊಳವೆಗಳು.

"ಎಂತದೋ ತಮಾ ಇದು?" ಎಂದು ಆಯಿ ಕೇಳಿದಳು.

"ಪೆನ್ನೆ."

"ಬೆಣ್ಣೆಯಾ? ಹಂಗಾದ್ರೆ ಫ್ರಿಜ್ಜಲ್ಲಿಡು, ಕರಗಿ ಹೋಗ್ತದೆ."

ಮೊದಲ ಸಲ ನಾನು ಎಲ್ಲವನ್ನೂ ಶಾಸ್ತ್ರಪ್ರಕಾರ ಮಾಡಿದೆ. ಇಟಲಿಯವರ ಲೆಕ್ಕ ನೆನಪಿಡಲು ಸುಲಭ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಾನು ಹಾಕಿದ್ದು 250 ಗ್ರಾಂ. ಅಂದರೆ ಎರಡೂವರೆ ಲೀಟರ್ ನೀರು. ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಹನ್ನೊಂದು ನಿಮಿಷ ಗಡಿಯಾರ ನೋಡಿ, ತೂತಿನ ಪಾತ್ರೆಗೆ ಸುರಿದು ಸಿಂಕಿನಲ್ಲಿ ಬಸಿದೆ. ಬಿಸಿ ಹಬೆ ಕನ್ನಡಕಕ್ಕೆ ಹೊಡೆಯಿತು. ಹಬೆ ಕರಗಿದ ಮೇಲೆ ನೋಡಿದರೆ ಪಕ್ಕದಲ್ಲಿ ಆಯಿ ನಿಂತಿದ್ದಳು. ಸಿಂಕಿನ ತೂತಿನಲ್ಲಿ ಗೊಳಗೊಳ ಎಂದು ಇಳಿದುಹೋಗುತ್ತಿದ್ದ ಬೆಳ್ಳಗಿನ ನೀರನ್ನೇ ನೋಡುತ್ತಿದ್ದಳು.

"ಗಂಜಿ ಚೆಲ್ದ್ಯೇನೋ?"

"ಅದು ಗಂಜಿ ಅಲ್ಲ ಆಯಿ. ಪಾಸ್ತಾ ಬೇಯಿಸಿದ ನೀರು."

"ಬೇಯ್ಸಿದ ನೀರಿಗೆ ಮತ್ತೆಂತ ಅಂತಾರೆ?"

ಉತ್ತರ ಇರಲಿಲ್ಲ. ಆಯಿ ಅಂಕೋಲೆಯ ಕಡೆಯವಳು. ಅವಳ ತವರಿನಲ್ಲಿ ಕುಚಲಕ್ಕಿ ಅನ್ನ ಬಸಿದ ಗಂಜಿಗೆ ಕಡಿಮೆ ಕೆಲಸಗಳಿರಲಿಲ್ಲ. ಜ್ವರ ಬಂದವರಿಗೆ ಉಪ್ಪು ಹಾಕಿ ಕುಡಿಸುವುದು, ಕರುವಿನ ಬಾನಿಗೆ ಸುರಿಯುವುದು, ಹತ್ತಿಯ ಸೀರೆಗೆ ಹಾಕಿ ಗರಿಗರಿ ಮಾಡುವುದು. ಗಂಜಿ ಚೆಲ್ಲಿದ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ ಎಂದು ಅವಳ ನಂಬಿಕೆ. ಅವತ್ತು ಪಾಸ್ತಾ ಹೇಗಾಯಿತೋ ನೆನಪಿಲ್ಲ. ಕ್ರೀಮು ಒಂದು ಕಡೆ, ಪೆನ್ನೆ ಒಂದು ಕಡೆ, ಕೋಳಿ ಮತ್ತೊಂದು ಕಡೆ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ತಟ್ಟೆಯಲ್ಲಿ ಕೂತಿದ್ದವು. ಮಗ ಕೋಳಿ ಆರಿಸಿ ತಿಂದ. ಮಗಳು ಕ್ರೀಮು ನೆಕ್ಕಿದಳು. ಆಯಿ ಅನ್ನ, ಒಣ ಸಿಗಡಿ ಚಟ್ನಿ ಹಾಕಿಕೊಂಡು ಉಂಡಳು. ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ಕಷ್ಟ.

ಮುಂದಿನ ವಾರ ಪಾತ್ರೆ ತೊಳೆಯಲು ಬೇಜಾರಾಗಿ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲದೆ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಮಾಡಿದೆ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಸ್ವಲ್ಪ ಬೆಣ್ಣೆ (ಈ ಸಲ ನಿಜವಾದ ಬೆಣ್ಣೆ). ಕೋಳಿಯ ಕಾಲಿನ ಬೋನ್‌ಲೆಸ್ ತುಂಡು 400 ಗ್ರಾಂ, ಉಪ್ಪು ಮತ್ತು ಶಿರಸಿ ಕಡೆಯ ಕಾಳುಮೆಣಸಿನ ಪುಡಿ ಸವರಿ ಕೆಂಪಗೆ ಹುರಿದದ್ದು. ಎದೆಯ ತುಂಡು ಹಾಕಬೇಡಿ, ಬೇಯುವ ಹೊತ್ತಿಗೆ ತೆಂಗಿನ ನಾರಾಗುತ್ತದೆ. ಕೋಳಿ ತೆಗೆದಿಟ್ಟು ಅದೇ ಎಣ್ಣೆಗೆ ಬೆಳ್ಳುಳ್ಳಿ, ಈರುಳ್ಳಿ.

ಈರುಳ್ಳಿಯ ವಿಷಯದಲ್ಲಿ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದ ಹಾಗೆ ಕಟ್ಟಿ ನೇತುಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ. ಪ್ರತಿ ವರ್ಷ ನಾಲ್ಕು ಗೊಂಚಲು ತಂದು ಅಡುಗೆಮನೆಯ ಹೊಗೆ ತಾಗುವ ಜಾಗದಲ್ಲಿ ತೂಗುಹಾಕುತ್ತೇವೆ, ಮಳೆಗಾಲಕ್ಕೆ ಅಂತ. ಹೊಗೆ ಈಗ ಇಲ್ಲ, ಗ್ಯಾಸ್ ಒಲೆ. ಆದರೂ ಜಾಗ ಬದಲಾಗಿಲ್ಲ. ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬರದ ಈ ಈರುಳ್ಳಿ ಬೆಣ್ಣೆಯಲ್ಲಿ ಬಾಡಿದರೆ ಬೆಲ್ಲದ ಹತ್ತಿರ ಹೋಗುತ್ತದೆ. ಕ್ರೀಮಿನ ಅಡುಗೆಗೆ ಅದು ಹೇಳಿ ಮಾಡಿಸಿದ್ದು.

ಅದರ ಮೇಲೆ ಹಸಿ ಪೆನ್ನೆ, ಕೋಳಿ, ಮುಕ್ಕಾಲು ಲೀಟರ್ ಬಿಸಿ ನೀರು. ಎರಡೂವರೆ ಲೀಟರ್ ಅಲ್ಲ, ಮುಕ್ಕಾಲು ಲೀಟರ್. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟೆ, ನಡುನಡುವೆ ತಳ ಹಿಡಿಯದ ಹಾಗೆ ತಿರುವಿದೆ. ಹನ್ನೆರಡನೇ ನಿಮಿಷಕ್ಕೆ ಮುಚ್ಚಳ ತೆಗೆದರೆ ನನಗೇ ಆಶ್ಚರ್ಯ. ನೀರು ಹಾಲಿನ ಬಣ್ಣಕ್ಕೆ ಬಂದು, ಮಂದವಾಗಿ, ಒಂದೊಂದು ಕೊಳವೆಗೂ ಹಚ್ಚಿದ ಹಾಗೆ ಅಂಟಿಕೊಂಡಿದೆ. ಕ್ರೀಮು ಇನ್ನೂ ಹಾಕಿಯೇ ಇರಲಿಲ್ಲ!

ಆಮೇಲೆ ಕೂತು ಯೋಚಿಸಿದರೆ ಇದರಲ್ಲಿ ಗುಟ್ಟೇನೂ ಇಲ್ಲ. ಪಾಸ್ತಾ ಅಂದರೆ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆ. ಬೇಯುವಾಗ ಅದರ ಪಿಷ್ಟ ನೀರಿಗೆ ಇಳಿಯುತ್ತದೆ. ನೀರು ಜಾಸ್ತಿಯಿದ್ದರೆ ಪಿಷ್ಟ ತೆಳುವಾಗಿ ಹರಡಿ ಸಿಂಕಿಗೆ ಹೋಗುತ್ತದೆ. ನೀರು ಕಡಿಮೆಯಿದ್ದರೆ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ನಾವು ಹೋಟೆಲಿನಲ್ಲಿ ದುಡ್ಡು ಕೊಟ್ಟು "ಆಹಾ, ಎಷ್ಟು ಕ್ರೀಮಿ" ಎಂದು ಹೊಗಳುವ ನುಣುಪಿನ ಅರ್ಧಕ್ಕರ್ಧ ಕ್ರೀಮಿನದ್ದಲ್ಲ, ಗಂಜಿಯದು. ಎಣ್ಣೆಯನ್ನೂ ನೀರನ್ನೂ ಒಂದಾಗಿ ಹಿಡಿದಿಡುವುದೂ ಅದೇ ಗಂಜಿ. ಇಟಲಿಯ ಅಜ್ಜಿಯರಿಗೆ ಇದು ಮೊದಲೇ ಗೊತ್ತು. ಬಸಿಯುವ ಮುಂಚೆ ಒಂದು ಲೋಟ ನೀರು ತೆಗೆದಿಟ್ಟುಕೊಂಡು ಕೊನೆಗೆ ಬೆರೆಸುತ್ತಾರೆ. ನಮ್ಮ ಆಯಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಡುವೆ ಇದ್ದ ನನಗೆ ಮಾತ್ರ.

"ಆಯಿ, ಇವತ್ತು ಗಂಜಿ ಚೆಲ್ಲಲಿಲ್ಲ" ಎಂದು ಕರೆದು ತೋರಿಸಿದೆ. ಅವಳು ಸೌಟಿನಲ್ಲಿ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. "ಉಪ್ಪು ಕಮ್ಮಿ" ಅಂದಳು. ಇಷ್ಟವಾಯಿತು ಎಂದು ಅರ್ಥ.

ಹಾಗಂತ ಎಲ್ಲ ಸಲವೂ ಗೆದ್ದಿಲ್ಲ. ಒಂದು ಶುಕ್ರವಾರ ಟೊಮೆಟೊ ಹಾಕಿ, ಅದು ಕುದಿಯುವಾಗಲೇ ಅರ್ಧ ಲೀಟರ್ ಹಾಲು ಸುರಿದೆ. ಎರಡು ನಿಮಿಷದಲ್ಲಿ ಹಾಲು ಒಡೆದು ಪಾತ್ರೆಯ ತುಂಬ ಚೂರುಚೂರು. ಹುಳಿ ಮತ್ತು ಬಿಸಿ ಜೊತೆಯಾದರೆ ಹಾಲಿಗೆ ತಾಳ್ಮೆ ಇರುವುದಿಲ್ಲ ಎಂದು ಪನೀರ್ ಮಾಡುವ ಯಾರಿಗೂ ಗೊತ್ತು, ನಾನು ಮರೆತಿದ್ದೆ ಅಷ್ಟೇ. ಕ್ರೀಮಿನಲ್ಲಿ ಕೊಬ್ಬು ಜಾಸ್ತಿ, ಆದ್ದರಿಂದ ಅದು ಅಷ್ಟು ಬೇಗ ಒಡೆಯುವುದಿಲ್ಲ. ಆದರೂ ನಾನೀಗ ಒಲೆ ಆರಿಸಿದ ಮೇಲೆಯೇ ಹಾಕುತ್ತೇನೆ, ಅರ್ಧ ಪೊಟ್ಟಣ ಸಾಕು. ಇನ್ನೊಂದು ಸಲ ಜೋರು ಮಳೆ. ಕ್ರೀಮು ತರಲು ಹೊರಗೆ ಹೋಗುವ ಮಾತೇ ಇಲ್ಲ. ತೆಂಗಿನಕಾಯಿಯ ದಪ್ಪ ಹಾಲು ತೆಗೆದು ಹಾಕಿದೆ. ಚೆನ್ನಾಗಿಯೇ ಇತ್ತು. ಆದರೆ ಬಾಯಿಗಿಟ್ಟ ಕೂಡಲೇ ಎಲ್ಲರಿಗೂ ಶ್ಯಾವಿಗೆ ಮತ್ತು ಕಾಯಿಹಾಲು ನೆನಪಾಗಿಬಿಟ್ಟಿತು. ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ, ಒರಳಿಗೆ ಹಾಕಿ, ಇಬ್ಬರು ಜೋತುಬಿದ್ದು ಒತ್ತಿದರೆ ಕೆಳಗಿನ ತೂತುಗಳಿಂದ ಎಳೆಎಳೆಯಾಗಿ ಬೀಳುತ್ತಿತ್ತಲ್ಲ, ಅದು. ಪಾಸ್ತಾ ಕಾರ್ಖಾನೆಯಲ್ಲಿ ನಡೆಯುವುದೂ ಅದೇ ಕೆಲಸ, ಒತ್ತುವವರು ಬೇರೆ ಅಷ್ಟೇ. ಮಗಳು ಕೋಳಿ ಪಾಸ್ತಾದ ತಟ್ಟೆ ಹಿಡಿದುಕೊಂಡು "ಬೆಲ್ಲ ಎಲ್ಲಿ?" ಎಂದು ಕೇಳಿದಳು. ಆ ಪ್ರಯೋಗ ಅಲ್ಲಿಗೇ ನಿಂತಿತು.

ಆಯಿಯ ತಕರಾರು ಈಗ ಒಂದೇ. ಎಲುಬಿಲ್ಲದ ಕೋಳಿ ಎಂತ ಕೋಳಿ? ಅವಳ ಪ್ರಕಾರ ಎಲುಬು ಚೀಪದೆ ಊಟ ಮುಗಿಯುವುದಿಲ್ಲ, ಕೈತೊಳೆಯಲು ಏಳುವುದಕ್ಕೇ ಕಾರಣ ಇರುವುದಿಲ್ಲ. ಅದಕ್ಕೆ ಅವಳಿಗೆಂದೇ ಎರಡು ಎಲುಬಿನ ತುಂಡು ಮೊದಲೇ ಹಾಕಿ ಬೇಯಲು ಬಿಡುತ್ತೇನೆ. ಸಾರವೂ ನೀರಿಗೆ ಇಳಿಯುತ್ತದೆ. ಇದರಿಂದ ಪಾಸ್ತಾದ ರುಚಿ ಎಷ್ಟು ಸುಧಾರಿಸಿದೆ ಎಂದು ಅವಳ ಮುಂದೆ ಹೇಳಿಲ್ಲ.

ಹೆಂಡತಿಯ ತಕರಾರು ಬೇರೆ. ಕಳೆದ ಬುಧವಾರ ನಾನು ಬಂದ ನೆಂಟರ ಮುಂದೆ "ಒಂದೇ ಪಾತ್ರೆ, ಇಪ್ಪತ್ತೈದೇ ನಿಮಿಷ" ಎಂದು ಜಂಬ ಕೊಚ್ಚುತ್ತಿದ್ದೆ. ಅವಳು ಸುಮ್ನೆ ಸಿಂಕಿನ ಹತ್ತಿರ ಹೋಗಿ ಒಂದೊಂದಾಗಿ ಎತ್ತಿ ತೋರಿಸಿದಳು. ಕೋಳಿಗೆ ಉಪ್ಪು ಸವರಿದ ಬಟ್ಟಲು. ಹುರಿದ ಕೋಳಿ ತೆಗೆದಿಟ್ಟ ತಟ್ಟೆ. ನೀರು ಕಾಯಿಸಿದ ಪಾತ್ರೆ. ಅಳೆದ ಲೋಟ. ಈರುಳ್ಳಿ ಹೆಚ್ಚಿದ ಮಣೆ, ಚಾಕು. ಮೆಣಸು ಕುಟ್ಟಿದ ಕುಟ್ಟಾಣಿ. ಎರಡು ಸೌಟು, ಯಾಕೆ ಎರಡು ಎಂದು ನನಗೂ ಗೊತ್ತಿಲ್ಲ.

"ಒಂದೇ ಪಾತ್ರೆ ಅಂದ್ರಿ ಅಲ್ವಾ? ಇವೆಲ್ಲ ಯಾರ ಮನೆಯವು?"

ನೆಂಟರು ನಕ್ಕರು. ಬೇಯುವುದು ಒಂದರಲ್ಲಿ, ತೊಳೆಯುವುದು ಒಂಬತ್ತನ್ನು. ಈ ಲೆಕ್ಕವನ್ನು ಅಡುಗೆ ಹೇಳಿಕೊಡುವವರು ಯಾರೂ ಹೇಳುವುದಿಲ್ಲ.

ಆದರೆ ಎಂಟು ಗಂಟೆಗೆ ಪಾತ್ರೆಯನ್ನೇ ಮೇಜಿನ ನಡುವೆ ತಂದಿಟ್ಟಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಾರದೆ ದಾರಿಯಿಲ್ಲ. ಹತ್ತು ನಿಮಿಷ ತಡಮಾಡಿದರೆ ಪಿಷ್ಟ ಬಿಗಿದು ಎಲ್ಲ ಒಂದೇ ಮುದ್ದೆಯಾಗುತ್ತದೆ. ಅನ್ನ ಸಾರು ಒಂಬತ್ತೂವರೆಗೂ ಕಾಯುತ್ತದೆ, ಪಾಸ್ತಾ ಕಾಯುವುದಿಲ್ಲ. ಮೊಬೈಲು ಬಿಟ್ಟು ಬನ್ನಿ ಎಂದು ನಾನು ಕೂಗಿದರೆ ಕೇಳದ ಮಗ, "ಗಟ್ಟಿಯಾಗ್ತಾ ಬಂತು" ಎಂದರೆ ಓಡಿ ಬರುತ್ತಾನೆ. ಪಕ್ಕದಲ್ಲಿ ಸಂಜೆ ತಂದ ಪಾವ್ ಇರುತ್ತದೆ. ಗೋವಾ ಪಕ್ಕದಲ್ಲಿರುವುದರ ಒಂದು ಸುಖ ಅದು. ಮಳೆ ಹೆಂಚಿನ ಮೇಲೆ ಬೀಳುತ್ತಿರುತ್ತದೆ. ಮಾತೆಲ್ಲ ಯಾರಿಗೆ ಕೋಳಿ ಜಾಸ್ತಿ ಹೋಯಿತು ಅನ್ನುವುದರ ಮೇಲೆ.

ಮೊನ್ನೆ ಶುಕ್ರವಾರ ಎಲ್ಲರೂ ಎದ್ದ ಮೇಲೆ ನಾನು ಪಾತ್ರೆ ತೊಳೆಯಲು ತೆಗೆದುಕೊಂಡು ಹೊರಟೆ. ತಳದಲ್ಲಿ ಸ್ವಲ್ಪ ಅಂಟಿಕೊಂಡಿತ್ತು.

"ತಡಿ" ಅಂದಳು ಆಯಿ. ಕೆಟಲ್‌ನಲ್ಲಿ ಉಳಿದಿದ್ದ ಬಿಸಿನೀರನ್ನು ಪಾತ್ರೆಗೆ ಹಾಕಿದಳು. ಸೌಟಿನಿಂದ ತಳ ಕೆರೆದು, ಒಂದು ಸುತ್ತು ತಿರುಗಿಸಿ, ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು. ಶಿರಸಿಯಿಂದ ಬಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಒಂದು ಚೂರು ಕಚ್ಚಿಕೊಂಡು, ಕಿಟಕಿಯ ಹತ್ತಿರ ಕೂತು, ನಿಧಾನಕ್ಕೆ ಕುಡಿದಳು. ನಾನು ಖಾಲಿ ಸಿಂಕಿನ ಮುಂದೆ ಕಾಯುತ್ತ ನಿಂತಿದ್ದೆ. ಕುಡಿದು ಮುಗಿಸಿ ಬಟ್ಟಲನ್ನೂ ಪಾತ್ರೆಯೊಳಗೇ ಇಟ್ಟಳು.

"ಈಗ ತೊಳಿ."