1.34 ಅನ್ನೋದು ಗೋಡೆಯಲ್ಲ

ಹಾಯಿದೋಣಿಯ ವೇಗದ ಮಾತು ಬಂದಲ್ಲೆಲ್ಲ ಒಂದು ಸೂತ್ರ ಬಂದೇ ಬರುತ್ತದೆ. ವಾಟರ್‌ಲೈನ್ ಉದ್ದವನ್ನು, ಅಂದರೆ ಒಡಲು ನೀರಿಗೆ ತಾಗುವಲ್ಲಿನ ಉದ್ದವನ್ನು, ಅಡಿಯಲ್ಲಿ ತೆಗೆದುಕೊಳ್ಳಿ, ವರ್ಗಮೂಲ ಹಾಕಿ, 1.34ರಿಂದ ಗುಣಿಸಿ; ಅಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ದಾಟಿ ದೋಣಿ ಓಡುವುದಿಲ್ಲ ಅನ್ನುತ್ತದೆ ಅದು. 25 ಅಡಿಗೆ 6.7 ನಾಟ್, 36 ಅಡಿಗೆ 8. ಭಾರವಾದ ಕೀಲ್, ಅಂದರೆ ಮಗುಚದಂತೆ ತಡೆಯಲು ಅಡಿಯಲ್ಲಿ ಕೂರಿಸಿದ ತೂಕದ ಹಲಗೆ, ಇರುವ ದೋಣಿಗಳಿಗೆ ಇದು ಒಳ್ಳೆಯ ಅಂದಾಜು. ಎಲ್ಲ ದೋಣಿಗಳಿಗೂ ಇದೇ ಕಟ್ಟಳೆ ಅನ್ನುವುದು ಮಾತ್ರ ತಪ್ಪು. ವೇಗವನ್ನು ನಿರ್ಧರಿಸುವುದರಲ್ಲಿ ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ಆ ಉದ್ದದ ಮೇಲೆ ಎಷ್ಟು ತೂಕ ಕೂತಿದೆ ಅನ್ನುವುದನ್ನು.

ಒಬ್ಬರೇ ನಡೆಸುವ ಲೇಸರ್ ಮತ್ತು ಇಬ್ಬರು ನಡೆಸುವ ಫಾರ್ಟಿನೈನರ್ ಎಂಬ ಎರಡು ರೇಸ್ ದೋಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಲೇಸರ್ 4.2 ಮೀಟರ್, ಫಾರ್ಟಿನೈನರ್ 4.9 ಮೀಟರ್. ವರ್ಗಮೂಲದ ಲೆಕ್ಕದಲ್ಲಿ ಎರಡನೆಯದು ಹೆಚ್ಚೆಂದರೆ ಶೇ. 8ರಷ್ಟು ಮುಂದಿರಬೇಕು. ಬೇರೆಬೇರೆ ಬಗೆಯ ದೋಣಿಗಳ ವೇಗ ಹೋಲಿಸುವ ಬ್ರಿಟನ್ನಿನ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಪಟ್ಟಿಯಲ್ಲಿ ಲೇಸರ್‌ನ ಅಂಕಿ ಸುಮಾರು 1100, ಫಾರ್ಟಿನೈನರ್‌ದು ಸುಮಾರು 700. ಅಂದರೆ ಫಾರ್ಟಿನೈನರ್ 70 ನಿಮಿಷದಲ್ಲಿ ಮುಗಿಸುವ ದೂರಕ್ಕೆ ಲೇಸರ್‌ಗೆ 110 ನಿಮಿಷ ಬೇಕು. ಎಲ್ಲಿಯ 8, ಎಲ್ಲಿಯ 57! ಲೇಸರ್‌ಗೆ ಒಂದೇ ಹಾಯಿ, 7.06 ಚದರ ಮೀಟರ್. ಫಾರ್ಟಿನೈನರ್‌ಗೆ ಗಾಳಿಗೆದುರು ಹೋಗುವಾಗ 21.2, ಗಾಳಿ ಹಿಂದಿನಿಂದ ಬಂದಾಗ ಇನ್ನೊಂದು 38 ಚದರ ಮೀಟರ್‌ನ ಸ್ಪಿನೇಕರ್, ಅಂದರೆ ಮುಂದೆ ಉಬ್ಬಿ ನಿಲ್ಲುವ ದೊಡ್ಡ ಹಾಯಿ. ಒಡಲಿನ ತೂಕ ಮಾತ್ರ 94 ಕೆ.ಜಿ. ಎರಡೂ ಕಡೆ ರೆಕ್ಕೆ ಚಾಚಿ, ಇಬ್ಬರೂ ಟ್ರಪೀಜ್ ತಂತಿಗೆ ನೇತುಬೀಳುವುದರಿಂದ ಅಷ್ಟು ಬಟ್ಟೆಯನ್ನು ಹಿಡಿದು ನಿಲ್ಲಿಸಲು ಆಗುತ್ತದೆ. (ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ನಡೆಸಿದ್ದು ಇದೇ ದೋಣಿ.)

ಹಾಗಾದರೆ 1.34 ಎಲ್ಲಿಂದ ಬಂತು? 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಎಂಜಿನಿಯರ್ ವಿಲಿಯಂ ಫ್ರೌಡ್ ದೋಣಿಯ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಅಲೆಗಳನ್ನು ಅಳೆದ. ದೋಣಿ ತಾನೇ ಎಬ್ಬಿಸಿದ ಅಲೆಯ ಉದ್ದ ವೇಗದ ಜೊತೆ ಬೆಳೆಯುತ್ತದೆ. 1.34ರ ಹೊತ್ತಿಗೆ ಅಲೆಯೂ ವಾಟರ್‌ಲೈನೂ ಸಮ ಆಗಿ, ಮೂತಿ ಒಂದು ಅಲೆಯ ನೆತ್ತಿಯಲ್ಲಿ, ಹಿಂಬದಿ ಇನ್ನೊಂದರ ನೆತ್ತಿಯಲ್ಲಿ ನಿಲ್ಲುತ್ತದೆ. ಇನ್ನೂ ಜೋರು ಮಾಡಿದರೆ ಹಿಂಬದಿ ತಗ್ಗಿಗೆ ಜಾರಿ, ದೋಣಿ ತನ್ನದೇ ಅಲೆಯ ಏರು ಹತ್ತಬೇಕು. ಆ ಏರಿನ ಎತ್ತರ ನಿಂತಿರುವುದು ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತಿದೆ ಅನ್ನುವುದರ ಮೇಲೆ. ಹಗುರ ಒಡಲಿಗೆ ಅದು ದಿಬ್ಬ, ಭಾರದ್ದಕ್ಕೆ ಗುಡ್ಡ.

ದಿಬ್ಬ ದಾಟಲು ಒಂದು ದಾರಿ ಪ್ಲೇನಿಂಗ್, ಅಂದರೆ ನೀರಿನ ಮೇಲೆ ಜಾರುವುದು. 1928ರಲ್ಲಿ ಇಂಗ್ಲೆಂಡಿನ ದೋಣಿ ವಿನ್ಯಾಸಕಾರ ಉಫಾ ಫಾಕ್ಸ್ ತನ್ನ 14 ಅಡಿಯ ಅವೆಂಜರ್ ದೋಣಿಯಲ್ಲಿ ಇದನ್ನು ರೇಸಿನಲ್ಲೇ ಮಾಡಿ ತೋರಿಸಿದ. ಇದಕ್ಕೆ ಬೇಕಾದ ಆಕಾರ ಸರಳ: ಮುಂದೆ ನೀರು ಸೀಳುವ ಚೂಪು ವಿ, ನಡುವಿನಿಂದ ಹಿಂದಕ್ಕೆ ಚಪ್ಪಟೆ. ಅಡಿಯ ಬಾಗು, ಅಂದರೆ ರಾಕರ್, ಹಿಂಭಾಗದಲ್ಲಿ ಹೆಚ್ಚಾದರೆ ನೀರು ಆ ಬಾಗನ್ನು ಹಿಡಿದು ಮೇಲಕ್ಕೆ ತಿರುಗುತ್ತದೆ, ಅಲ್ಲಿ ಒತ್ತಡ ಕುಸಿದು ಹಿಂಬದಿಯನ್ನು ಕೆಳಗೆ ಎಳೆಯುತ್ತದೆ. ಟ್ರಾನ್ಸಮ್‌ನ, ಅಂದರೆ ಹಿಂದಿನ ಹಲಗೆಯ, ಕೆಳಗಿನ ಅಂಚು ಸವೆದು ದುಂಡಾದರೂ ಇದೇ ಕಾಯಿಲೆ. ನೀರು ಕಡಿದುಕೊಂಡು ಬಿಡುವ ಬದಲು ಅಂಚನ್ನು ಸುತ್ತಿ ಅಂಟುತ್ತದೆ. ರಿಪೇರಿ ಮಾಡುವಾಗ ಆ ಅಂಚನ್ನು ಚೂಪಾಗಿಯೇ ಉಳಿಸಿ. ಅಂದಕ್ಕೆಂದು ದುಂಡಗೆ ಉಜ್ಜಬೇಡಿ.

ಇನ್ನೊಂದು ದಾರಿ ಅಲೆಯನ್ನೇ ಎಬ್ಬಿಸದಿರುವುದು. ಎರಡು ಸಪೂರ ಒಡಲಿನ ಕ್ಯಾಟಮರಾನ್ ಮಾಡುವುದು ಇದನ್ನೇ. ಆ ಪದ ತಮಿಳಿನ ಕಟ್ಟುಮರಂನಿಂದ ಹೋದದ್ದು, ನಿಜ. ಆದರೆ ಕಟ್ಟುಮರ ದಿಮ್ಮಿಗಳನ್ನು ಕಟ್ಟಿದ ತೆಪ್ಪ; ಎರಡು ಒಡಲಿನ ವೇಗದ ದೋಣಿ ಪೆಸಿಫಿಕ್ ದ್ವೀಪದವರ ಜಾಣ್ಮೆ. ಹೆಸರು ನಮ್ಮ ಕಡೆಯದು ಅಂತ ವಿನ್ಯಾಸವನ್ನೂ ನಮ್ಮದೆನ್ನುವುದು ಅವರಿಗೆ ಮಾಡುವ ಅನ್ಯಾಯ. ಒಂಟಿ ಒಡಲಿನ ಕೀಲ್ ದೋಣಿಯ ಉದ್ದ ಅಗಲದ ಮೂರು ನಾಲ್ಕು ಪಟ್ಟು ಇದ್ದರೆ, ರೇಸಿನ ಕ್ಯಾಟಮರಾನ್‌ನ ಒಂದೊಂದು ಒಡಲೂ ಹತ್ತು ಪಟ್ಟಿಗೂ ಮೇಲೆ. ಅಷ್ಟು ಸಪೂರವಾದರೆ ಒಡಲು ಎಬ್ಬಿಸುವ ಅಲೆ ಗಣನೆಗೇ ಬಾರದು. ಮಗುಚದಂತೆ ತಡೆಯಲು ಸೀಸದ ಕೀಲ್ ಬೇಡ, ಒಡಲುಗಳ ನಡುವಿನ ಅಂತರವೇ ಸಾಕು. ಅಮೆರಿಕದ ದೋಣಿ ವಿನ್ಯಾಸಕಾರ ನಾಥನೇಲ್ ಹೆರೆಶಾಫ್ 1876ರಲ್ಲಿ ಅಮರಿಲಿಸ್ ಎಂಬ ಕ್ಯಾಟಮರಾನ್ ತಂದು ನ್ಯೂಯಾರ್ಕಿನ ರೇಸಿನಲ್ಲಿ ಎಲ್ಲರನ್ನೂ ಹಿಂದಿಕ್ಕಿದಾಗ ಆ ಬಗೆಯ ದೋಣಿಯನ್ನೇ ಹೊರಗಿಟ್ಟರು.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. "ಎರಡು ಒಡಲು, ಆದ್ದರಿಂದ ವೇಗ" ಎಂದು ನಂಬಿ ಜನ 12 ಮೀಟರಿನ ಪ್ರವಾಸಿ ಕ್ಯಾಟಮರಾನ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಮನೆ ತುಂಬಿಸುತ್ತಾರೆ. ಲೆಕ್ಕ ಹಾಕಿ: ಒಂದೊಂದು ಒಡಲೂ ನೀರಿನ ಮಟ್ಟದಲ್ಲಿ 12 ಮೀಟರ್ ಉದ್ದ, 1.4 ಮೀಟರ್ ಅಗಲ, ತುದಿಗಳು ಚೂಪಾದ್ದರಿಂದ ಮುಕ್ಕಾಲು ಪಾಲು. ಎರಡೂ ಸೇರಿ ಸುಮಾರು 25 ಚದರ ಮೀಟರ್. ಸಮುದ್ರದ ನೀರಿನಲ್ಲಿ ಪ್ರತಿ 250 ಕೆ.ಜಿ.ಗೂ ದೋಣಿ 1 ಸೆಂ.ಮೀ. ಇಳಿಯುತ್ತದೆ. 600 ಲೀಟರ್ ನೀರು, 300 ಲೀಟರ್ ಡೀಸೆಲ್, ಜನರೇಟರ್, ಡೈವಿಂಗ್ ಸಿಲಿಂಡರ್, ಹಿಂದೆ ನೇತಾಡುವ ರಬ್ಬರ್ ದೋಣಿ: ಒಂದೂವರೆ ಟನ್ ಆದದ್ದೇ ಗೊತ್ತಾಗುವುದಿಲ್ಲ. 6 ಸೆಂ.ಮೀ. ಹೋಯಿತು. ಅದರಲ್ಲೂ ಭಾರ ಹಿಂದೆಯೇ ಕೂಡುವುದರಿಂದ ಟ್ರಾನ್ಸಮ್‌ಗಳೆರಡೂ ಮುಳುಗಿ ನೀರನ್ನು ಎಳೆದುಕೊಂಡು ಬರುತ್ತವೆ. ನಡುವಿನ ಅಟ್ಟದ ಅಡಿಗೆ ಅಲೆ ಬಡಿಯತೊಡಗುತ್ತದೆ. ಒಂಟಿ ಒಡಲಿನ ಭಾರದ ದೋಣಿಗೆ ಅದೇ ಒಂದೂವರೆ ಟನ್ ಇಷ್ಟು ನೋವು ಕೊಡದು. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ಪ್ರಪಂಚ ಸುತ್ತಿದ 56 ಅಡಿಯ ತಾರಿಣಿ ಅಂಥದ್ದು. ಹೊತ್ತು ನಡೆಯುವುದೇ ಅದರ ಗುಣ, ಅದರಿಂದ ಕ್ಯಾಟಮರಾನ್ ವೇಗ ಕೇಳುವುದು ಸಲ್ಲ.

ಹಗುರವಾಗಿಯೇ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ 40 ಮೀಟರ್‌ನ ಮೂರೊಡಲಿನ ಬಾಂಕ್ ಪಾಪ್ಯುಲೇರ್ 5 ಸಾಕ್ಷಿ. ಸೂತ್ರದ ಪ್ರಕಾರ ಅದಕ್ಕೆ 15 ನಾಟ್ ಮಿತಿ. 2009ರಲ್ಲಿ ಅದು 24 ಗಂಟೆಯಲ್ಲಿ 908 ನಾಟಿಕಲ್ ಮೈಲಿ ಓಡಿತು. ಸರಾಸರಿಯೇ 37 ನಾಟ್‌ಗೂ ಮೇಲೆ.

ಒಂಟಿ ಒಡಲಿನಲ್ಲಿ ಈಚಿನ ದೊಡ್ಡ ಬದಲಾವಣೆ ಮೊಂಡು ಮೂತಿ. 2011ರಲ್ಲಿ ಡೇವಿಡ್ ರೇಸನ್ 6.5 ಮೀಟರಿನ ಅಂಥ ದೋಣಿಯಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟುವ ಮಿನಿ ಟ್ರಾನ್ಸಾಟ್ ರೇಸ್ ಗೆದ್ದ. ವಾಲಿದಾಗ ನೀರಿಗೆ ತಾಗುವುದು ಉದ್ದನೆಯ, ನೇರ, ಸಪೂರ ಪಟ್ಟಿ ಮಾತ್ರ, ಮೂತಿಯೂ ಮುಳುಗದು. ಗಾಳಿಗೆದುರು ಗಿಡ್ಡ ಅಲೆಗಳಲ್ಲಿ ಮಾತ್ರ ಜೋರಾಗಿ ಬಡಿದುಕೊಳ್ಳುತ್ತದೆ.

ಫಾಯಿಲ್‌ಗಳದು ಬೇರೆಯೇ ಲೋಕ. 3.35 ಮೀಟರ್‌ನ ಮಾತ್ ದೋಣಿ ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು 30 ನಾಟ್ ದಾಟುತ್ತದೆ. ಆದರೆ 50 ನಾಟ್ ಆಸುಪಾಸಿಗೆ ರೆಕ್ಕೆಯ ಮೇಲ್ಮೈಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ನೀರು ಅಲ್ಲೇ ಆವಿಯಾಗುತ್ತದೆ, ಎತ್ತುವ ಬಲ ಕೈಕೊಡುತ್ತದೆ. 2012ರಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಪಾಲ್ ಲಾರ್ಸನ್ 500 ಮೀಟರ್ ದೂರಕ್ಕೆ 65.45 ನಾಟ್ ಸರಾಸರಿ ತೆಗೆದದ್ದು ಆ ಆವಿಯನ್ನು ಒಪ್ಪಿಕೊಂಡೇ ಕೆಲಸ ಮಾಡುವ ಬೆಣೆಯಾಕಾರದ ಫಾಯಿಲ್‌ನಿಂದ.

ಗಾಳಿ 5 ನಾಟ್‌ಗೆ ಇಳಿದರೆ ಯಾವ ದೋಣಿ ಮುಂದೆ ಅನ್ನುವ ಕ್ರಮವೇ ತಲೆಕೆಳಗಾಗಬಹುದು. ಆಗ ಅಲೆಯ ಮಾತಿಲ್ಲ, ನೀರಿಗೆ ತಾಗಿದ ಮೈಯ ಉಜ್ಜಾಟವೊಂದೇ. ಎರಡು ಒಡಲು, ಚಪ್ಪಟೆ ಹಿಂಬದಿ, ಮೊಂಡು ಮೂತಿ ಎಲ್ಲವೂ ಹೊರೆ. ದುಂಡಗಿನ, ಸಪೂರ ಹಳೆಯ ಕೀಲ್ ದೋಣಿ ಮೆಲ್ಲಗೆ ಮುಂದೆ ಜಾರುತ್ತದೆ. ಲೇಸರ್‌ನಲ್ಲಿ ಮುಂದೆ, ಸೆಂಟರ್‌ಬೋರ್ಡ್ (ನಡುವಿನಿಂದ ನೀರಿಗಿಳಿಸುವ ಹಲಗೆ) ಪಕ್ಕಕ್ಕೆ ಸರಿದು ಕೂತು, ದೋಣಿಯನ್ನು ಹಾಯಿಯ ಕಡೆಗೆ ತುಸು ವಾಲಿಸಿದರೆ ಟ್ರಾನ್ಸಮ್ ಮೇಲೇಳುತ್ತದೆ. ಗಾಳಿ ಜೋರಾದಾಗ ಹಿಂದಕ್ಕೆ ಬನ್ನಿ. ಹೋಬಿ 16 ಎಂಬ ಸಣ್ಣ ಕ್ಯಾಟಮರಾನ್‌ನಲ್ಲಂತೂ ಇದು ಕಡ್ಡಾಯ, ಅದರ ಸಣ್ಣ ಮೂತಿ ಒಮ್ಮೆ ಅಲೆಗೆ ಹೊಕ್ಕರೆ ದೋಣಿ ಮೂತಿಯ ಮೇಲೇ ಪಲ್ಟಿ ಹೊಡೆಯುತ್ತದೆ.

ದೋಣಿ ನೋಡಲು ಹೋದಾಗ ಕರಪತ್ರದ ಖಾಲಿ ತೂಕ ಬಿಟ್ಟು ತುಂಬಿದ ತೂಕ ಕೇಳಿ. 3 ನಾಟ್‌ನಲ್ಲಿ ಓಡಿಸಿ ಹಿಂದೆ ತಿರುಗಿ ನೋಡಿ. ಟ್ರಾನ್ಸಮ್ ಹಿಂದೆ ನೀರು ಸುರುಳಿ ಸುತ್ತಿ ಗುಳುಗುಳು ಅನ್ನುತ್ತಿದ್ದರೆ ಟ್ರಾನ್ಸಮ್ ಈಗಾಗಲೇ ಮುಳುಗಿದೆ.