ಹುಳುವಿಗೊಂದಿಷ್ಟು ಸುಖ

‘ಒಂದು ಸಣ್ಣ ಕೆಲಸ ಇತ್ತು’ ಅಂತ ಯಾರಾದರೂ ನಗುನಗುತ್ತಾ ಹತ್ತಿರ ಬಂದರೆ ಅಲ್ಲಿಂದ ಕಾಲು ಕೀಳಬೇಕು ಅನ್ನುವ ಬುದ್ಧಿ ಊರಲ್ಲಿದ್ದಾಗ ಇತ್ತು. ಜರ್ಮನಿಯಲ್ಲಿ ಅದಕ್ಕೆ ‘ಕ್ಲೈನಿಗ್‌ಕೈಟ್’ ಅನ್ನುತ್ತಾರೆ. ಹೆಸರು ಬೇರೆ ಇದ್ದದ್ದರಿಂದ ಮೋಸ ಹೋದೆ.

ನಾನು ಹಾಡುವ ಹವ್ಯಾಸಿ ವೃಂದಗಾನ ತಂಡ, ಅಂದರೆ ಕಾಯರ್‌ನ ಕಾರ್ಯದರ್ಶಿ ಮೇಡಂಗೆ ಎಲ್ಲವೂ ಕ್ಲೈನಿಗ್‌ಕೈಟೇ. ಎಂಬತ್ತು ಕುರ್ಚಿ ಜೋಡಿಸುವುದು ಕ್ಲೈನಿಗ್‌ಕೈಟ್. ಪಿಯಾನೊ ಎರಡನೇ ಮಹಡಿಗೆ ಹತ್ತಿಸುವುದೂ ಕ್ಲೈನಿಗ್‌ಕೈಟ್. ಈ ಸಲ ವರ್ಷದ ಕೊನೆಗೆ ಬೀಥೋವನ್‌ನ ಒಂಬತ್ತನೇ ಸಿಂಫನಿ, ಕೊನೆಯಲ್ಲಿ ಜರ್ಮನ್ ಕವಿ ಷಿಲರ್ ಬರೆದ ಪದ್ಯ ಹಾಡುವ ವಾದ್ಯವೃಂದದ ಕೃತಿ. ಇಲ್ಲಿ ಎಷ್ಟೋ ಊರುಗಳಲ್ಲಿ ಅದನ್ನು ಹಾಡದೆ ಹೊಸ ವರ್ಷ ಬರುವುದೇ ಇಲ್ಲ. “ಸಾಹಿತ್ಯವನ್ನು ಇಂಗ್ಲಿಷಿಗೆ ಮಾಡಿಕೊಡಿ, ಪರದೇಶದ ಅತಿಥಿಗಳಿಗೆ. ಇಂಗ್ಲಿಷ್ ನಿಮ್ಮ ಮಾತೃಭಾಷೆ ತಾನೇ?” ಅಂದರು. ಕನ್ನಡ ಅಂದೆ. “ಹಾಂ, ಅದೇ” ಅಂದರು.

ಒಪ್ಪಿಕೊಂಡೆ. ಜರ್ಮನಿಯ ಕಿಟೆಲ್ ನಮ್ಮ ಕನ್ನಡವನ್ನು ಪದಪದವಾಗಿ ಇಂಗ್ಲಿಷಿಗೆ ಬಿಡಿಸಿಟ್ಟು 1894ರಲ್ಲಿ ಅಷ್ಟು ದಪ್ಪದ ನಿಘಂಟು ಕೊಟ್ಟರು. ಆ ಋಣಕ್ಕೆ ನಾನು ನಾಲ್ಕು ಚರಣ ಮಾಡಲಾರೆನೇ?

ಕೂತಮೇಲೆ ಗೊತ್ತಾಯಿತು, ಷಿಲರ್ 1785ರಲ್ಲಿ ಬರೆದ ಆ ಪದ್ಯ ಕನ್ನಡಕ್ಕೆ ಸಲೀಸಾಗಿ ಇಳಿಯುತ್ತದೆ. ‘ಡೀಸೆನ್ ಕುಸ್ ಡೇರ್ ಗಾಂಟ್ಸೆನ್ ವೆಲ್ಟ್’ ಅಂದರೆ ‘ಈ ಮುತ್ತು ಜಗಕ್ಕೆಲ್ಲ’. ಕ್ರಿಯಾಪದ ಅಲ್ಲೂ ಇಲ್ಲ, ಇಲ್ಲೂ ಬೇಡ. ಚತುರ್ಥಿ ವಿಭಕ್ತಿ ಎರಡೂ ಕಡೆ ಇದೆ. ಇಂಗ್ಲಿಷಿನವರಿಗೆ ಮಾತ್ರ ಮುತ್ತು ಕೊಟ್ಟವರು ಯಾರು, ಕೊಡುತ್ತಿದ್ದಾರೋ ಕೊಟ್ಟಾಯಿತೋ, ಎಲ್ಲ ವಿವರ ಬೇಕು. ಮುತ್ತಿಗೂ ಎಫ್‌ಐಆರ್.

ಆಮೇಲೆ ಬಂತು ಹುಳು. ‘ವೊಲ್ಲುಸ್ಟ್ ವಾರ್ಡ್ ಡೇಮ್ ವುರ್ಮ್ ಗೆಗೇಬೆನ್.’ ವೊಲ್ಲುಸ್ಟ್ ಅಂದರೆ ಈಗಿನ ಜರ್ಮನ್‌ನಲ್ಲಿ ಕಾಮ. ಷಿಲರ್ ಕಾಲದಲ್ಲಿ ಬರೀ ಸುಖ, ಆನಂದ ಅನ್ನುವ ಅರ್ಥವೂ ಇತ್ತು. ಎರಡು ಸಂಜೆ ಒದ್ದಾಡಿ ‘ಪ್ಲೆಷರ್’ ಅಂತ ಬರೆದು ಕಳಿಸಿದೆ. ರಾತ್ರಿ ಹನ್ನೆರಡಕ್ಕೆ ಮೇಡಂ ಮೊಬೈಲಿನಲ್ಲಿ ಅರ್ಥ ನೋಡಿ, ನನಗೊಂದು ಮಾತೂ ಹೇಳದೆ, ‘ಲಸ್ಟ್’ ಅಂತ ತಿದ್ದಿ ಅಚ್ಚಿಗೆ ಕೊಟ್ಟರು. ಕೇಳಿದ್ದಕ್ಕೆ, “ಒಂದು ಶಬ್ದ ತಾನೇ? ಕ್ಲೈನಿಗ್‌ಕೈಟ್!”

‘ಕಾಮವನ್ನು ಹುಳುವಿಗೆ ಕೊಡಲಾಯಿತು.’ ಕೆಳಗೆ, ಅನುವಾದ: ನನ್ನ ಹೆಸರು.

ಒಂಬತ್ತನೇ ಸಿಂಫನಿಯ ಕಷ್ಟ ಏನೆಂದರೆ ಕಾಯರ್ ಬಾಯಿ ಬಿಡುವುದು ನಾಲ್ಕನೇ ಭಾಗದಲ್ಲಿ. ಅಲ್ಲಿಯವರೆಗೆ ಮುಕ್ಕಾಲು ಗಂಟೆ ಕಪ್ಪು ಕೋಟು ಹಾಕಿಕೊಂಡು ಬೆಂಚಿನ ಮೇಲೆ ಗೊಂಬೆ ಹಬ್ಬದ ಪಟ್ಟದ ಗೊಂಬೆ. ಸಭಿಕರಿಗೋ ಕೈಯಲ್ಲಿ ಕಾರ್ಯಕ್ರಮ ಪಟ್ಟಿ, ಓದುವುದಕ್ಕೆ ಬೇಕಾದಷ್ಟು ಹೊತ್ತು. ಮೊದಲ ಭಾಗ ಮುಗಿಯುವಷ್ಟರಲ್ಲಿ ಮೂರನೇ ಸಾಲಿನ ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆರಳಿಟ್ಟು ಯಜಮಾನರಿಗೆ ತೋರಿಸಿದರು. ಯಜಮಾನರು ಓದಿ, ತಲೆಯೆತ್ತಿ, ವೇದಿಕೆಯ ಮೇಲಿದ್ದ ಒಂದೇ ಒಂದು ಭಾರತೀಯ ಮುಖವನ್ನು ಹುಡುಕಿ ಹಿಡಿದರು. ನಾನು ಸೂರು ನೋಡಿದೆ. ಮೂರನೇ ಭಾಗ ಎಂಥ ನಿಧಾನ, ಎಂಥ ಚೆಂದ! ಅದರುದ್ದಕ್ಕೂ ಅಜ್ಜಿಯ ಭುಜ ಕುಲುಕುತ್ತಲೇ ಇತ್ತು. ಕೊನೆಗೆ ಆ ಸಾಲು ಬಂದಾಗ ತಗ್ಗು ದನಿಯ ಗಂಡಸರ ನಮ್ಮ ಬೇಸ್ ಸಾಲಿನಲ್ಲೂ ನಗು ತಡೆಯಲಾರದೆ ಇಬ್ಬರಿಗೆ ಸ್ವರವೇ ಹೊರಡಲಿಲ್ಲ. ಅವರ ಪಾಲಿನ ಹುಳುವನ್ನೂ ನಾನೇ ಹಾಡಿದೆ.

ಹಳೇ ಅನುವಾದಕರು ಜಾಣರು. ‘ಸ್ಟಿಲ್ಲೆ ನಾಖ್ಟ್’ ಅನ್ನುವ ಜರ್ಮನ್ ಕ್ರಿಸ್ಮಸ್ ಹಾಡಿನಲ್ಲಿ ಮಗುವಿಗೆ ಗುಂಗುರು ಕೂದಲಿದೆ. ಇಂಗ್ಲಿಷಿನಲ್ಲಿ ‘ಸೈಲೆಂಟ್ ನೈಟ್’ ಆಗುವಷ್ಟರಲ್ಲಿ ಕೂದಲೇ ಮಾಯ, ದಾರಿಯಲ್ಲಿ ತಿರುಪತಿಗೆ ಹೋಗಿಬಂದ ಹಾಗೆ. ಯಾರೂ ಕೇಳಲಿಲ್ಲ. ನನ್ನ ಹುಳುವನ್ನೂ ನಾನು ಹಾಗೇ ಕೈಬಿಡಬಹುದಿತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕಥೆ ಹೇಳಿದೆ. ಲಸ್ಟ್ ವಿಷಯ ಬಿಟ್ಟೆ. ‘ಹುಳುವಿಗೂ ಸುಖ ಕೊಟ್ಟಿದೆ, ದೇವದೂತ ದೇವರ ಎದುರು ನಿಂತಿದ್ದಾನೆ’ ಅಂದೆ. ಆಚೆ ಕಡೆ ಒಂದು ಕ್ಷಣ ಸದ್ದಿಲ್ಲ. “ಬೇಕಲ್ಲಪ್ಪ ಅದಕ್ಕೂ” ಅಂದಳು. “ಕುಂಡದ ಮಣ್ಣು ಕೆದಕುವಾಗ ಎಷ್ಟೊಂದು ಸಿಗುತ್ತವೆ, ಪಾಪ. ನೀನು ಚಿಕ್ಕವನಿದ್ದಾಗ ಕಡ್ಡೀಲಿ ಎತ್ತಿ ನೆರಳಿಗೆ ಬಿಡ್ತಿದ್ದೆ.” ಷಿಲರ್ ಕನ್ನಡದಲ್ಲಿ ಒಂದೇ ಏಟಿಗೆ ಅರ್ಥವಾಗಿಬಿಟ್ಟಿದ್ದ. ಅದನ್ನು ಅಚ್ಚು ಹಾಕಿಸುವವರು ಯಾರು?

ಫೋನ್ ಇಡುತ್ತಿದ್ದಂತೆ ಮೇಡಂ ಮೆಸೇಜು. ಮುಂದಿನದು ಬ್ರಾಮ್ಸ್‌ನ ಜರ್ಮನ್ ರೆಕ್ವಿಯೆಮ್ (ಸತ್ತವರ ನೆನಪಿನ ಗಾಯನ), ಏಳೇ ಏಳು ಭಾಗ, ಕ್ಲೈನಿಗ್‌ಕೈಟ್. ಎರಡನೇ ಭಾಗ ತೆರೆದು ನೋಡಿದೆ: ‘ಡೆನ್ ಆಲೆಸ್ ಫ್ಲೈಶ್, ಎಸ್ ಇಸ್ಟ್ ವೀ ಗ್ರಾಸ್.’ ದೇಹವೆಲ್ಲ ಹುಲ್ಲಿನಂತೆ, ಅಂತ. ಫ್ಲೈಶ್ ಅಂದರೆ ದೇಹ. ಕಸಾಯಿ ಅಂಗಡಿಯ ಬೋರ್ಡಿನ ಮೇಲಿರುವುದೂ ಅದೇ ಶಬ್ದ. ಮೇಡಂ ಕೈಗೆ ಸಿಕ್ಕರೆ ಮಟನ್ ಎಲ್ಲ ಹುಲ್ಲಿನಂತೆ.

‘ಆಗಲಿ’ ಅಂತ ಉತ್ತರ ಕಳಿಸಿದೆ.