ಒಂದೇ ಆದೇಶಕ್ಕೆ ಎಲ್ಲವನ್ನೂ ಕೊಡುತ್ತಿದ್ದೆನಲ್ಲ!

ತಾಣಗಳ ಪುಟಗಳನ್ನು ತಾವಾಗಿಯೇ ಬಾಚಿಕೊಂಡು ಹೋಗುವ ಕ್ರಾಲರ್‌ಗಳ (ಬಾಟ್‌ಗಳ) ಹಾವಳಿಗೆ ನಿನ್ನೆ ರಾತ್ರಿ ಹನ್ನೊಂದೂವರೆಗೆ ನಿಂತುಹೋದ ನನ್ನ ಸರ್ವರ್ ಮತ್ತೆ ಉಸಿರಾಡಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಅಷ್ಟು ಹೊತ್ತೂ ಬಂದ ಕೋರಿಕೆಗಳ ದಾಖಲೆಯಾದ ಲಾಗ್ ಮುಂದೆ ಕುಳಿತಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೋಡಿನ ಪ್ರತಿ ಬದಲಾವಣೆಯ ಚರಿತ್ರೆಯನ್ನೂ ಇಟ್ಟುಕೊಳ್ಳುವ ತಂತ್ರಾಂಶ ಗಿಟ್; ನನ್ನ ಗಿಟ್ ಸರ್ವರ್ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಎರಡು ಕೋರ್‌ಗಳ ಸಣ್ಣ ಬಾಡಿಗೆ ಯಂತ್ರ. ಹತ್ತು ವರ್ಷಗಳಿಂದ ನಾನು ಬರೆದ, ಗೆಳೆಯರು ತಿದ್ದಿದ ಸೋರ್ಸ್ ಕೋಡೆಲ್ಲ ಅದರಲ್ಲಿದೆ. ದಿನಕ್ಕೆ ನೂರಿನ್ನೂರು ಜನ ಬಂದು ಹೋಗುವ ಆ ಜಾಗಕ್ಕೆ ನಿನ್ನೆ ಒಂದೇ ರಾತ್ರಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕೋರಿಕೆಗಳು ಬಂದಿವೆ. ಒಂದು ಐಪಿ ವಿಳಾಸದಿಂದ ಒಂದು ಪುಟ, ಹೆಚ್ಚೆಂದರೆ ಎರಡು. ಆಮೇಲೆ ಆ ವಿಳಾಸ ಮತ್ತೆ ಕಾಣುವುದಿಲ್ಲ. ಎಲ್ಲವೂ ತಮ್ಮನ್ನು ಕ್ರೋಮ್ ಎಂದು ಹೇಳಿಕೊಂಡಿವೆ, ಅದೂ ಯಾರೂ ಬಳಸದಷ್ಟು ಹಳೆಯ ಆವೃತ್ತಿಯ ಕ್ರೋಮ್. ವಿಳಾಸಗಳಲ್ಲಿ ಹೆಚ್ಚಿನವು ಸಾಮಾನ್ಯ ಮನೆಗಳ ಇಂಟರ್ನೆಟ್ ಸಂಪರ್ಕಗಳು. ಉಚಿತ ಆ್ಯಪ್‌ಗಳ ಒಳಗೆ ಅಡಗಿಸಿಟ್ಟ ತುಣುಕಿನ ಮೂಲಕ ಜನರ ಸಂಪರ್ಕವನ್ನೇ ಬಾಡಿಗೆಗೆ ಕೊಡುವ ಪ್ರಾಕ್ಸಿ ವ್ಯಾಪಾರವೊಂದಿದೆ. ಫೋನಿನ ಒಡೆಯರಿಗೆ ಎಷ್ಟೋ ಸಲ ಇದರ ಸುಳಿವೇ ಇರುವುದಿಲ್ಲ. ಇಂಥವರ ಮುಂದೆ, ಮತ್ತೆ ಮತ್ತೆ ಕಾಟ ಕೊಡುವ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶ ಏನು ಮಾಡೀತು? ಒಂದು ವಿಳಾಸವನ್ನು ತಡೆಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ನನಗೆ ನಿಜವಾಗಿ ನೋವಾದದ್ದು ಅವರು ಕೇಳಿದ ಪುಟಗಳನ್ನು ನೋಡಿ. ಅವರಿಗೆ ಬೇಕಾದದ್ದು ನನ್ನ ಕೋಡ್ ಆಗಿದ್ದರೆ ‘ಗಿಟ್ ಕ್ಲೋನ್’ ಎಂಬ ಒಂದು ಆದೇಶ ಸಾಕಿತ್ತು. ಮೊದಲ ದಿನದಿಂದ ಇಂದಿನವರೆಗಿನ ಚರಿತ್ರೆಯೆಲ್ಲ ಒಂದೇ ಗಂಟಾಗಿ ಕೆಲವೇ ಸೆಕೆಂಡುಗಳಲ್ಲಿ ಅವರ ಕೈಸೇರುತ್ತಿತ್ತು. ಅದನ್ನು ನಾನು ಎಲ್ಲರಿಗೂ ತೆರೆದೇ ಇಟ್ಟಿದ್ದೇನೆ. ಅದನ್ನು ಬಿಟ್ಟು ಅವರು ಹಿಡಿದದ್ದು ‘ಬ್ಲೇಮ್’ ಪುಟಗಳನ್ನು, ಅಂದರೆ ಒಂದು ಕಡತದ ಯಾವ ಸಾಲನ್ನು ಯಾರು ಯಾವಾಗ ಬರೆದರೆಂದು ಇಡೀ ಚರಿತ್ರೆಯನ್ನು ಜಾಲಾಡಿ ಲೆಕ್ಕಹಾಕಿ ತೋರಿಸಬೇಕಾದ ಪುಟಗಳನ್ನು. ನಾಲ್ಕು ಸಾವಿರ ಕಮಿಟ್‌ಗಳು (ದಾಖಲಾದ ಬದಲಾವಣೆಗಳು), ಮುನ್ನೂರು ಕಡತಗಳು ಇರುವ ಒಂದೇ ಯೋಜನೆಯಲ್ಲಿ, ಪ್ರತಿ ಕಮಿಟ್‌ನ ಪ್ರತಿ ಕಡತಕ್ಕೊಂದರಂತೆ, ಇಂಥ ಪುಟಗಳು ಹನ್ನೆರಡು ಲಕ್ಷದವರೆಗೆ ಆಗಬಹುದು. ಪ್ರತಿಯೊಂದನ್ನೂ ಒಮ್ಮೆ ಮಾತ್ರ ಕೇಳುವುದರಿಂದ, ಸಿದ್ಧಪಡಿಸಿದ ಪುಟವನ್ನು ಮುಂದಿನ ಸಲಕ್ಕೆ ಉಳಿಸಿಡುವ ಕ್ಯಾಶ್ ಇಟ್ಟೂ ಪ್ರಯೋಜನವಿಲ್ಲ. ಮನುಷ್ಯರು ತಿಂಗಳಿಗೊಮ್ಮೆ ತೆರೆಯುವ ಪುಟಕ್ಕಾಗಿ ನನ್ನ ಯಂತ್ರ ರಾತ್ರಿಯಿಡೀ ಬೆವರು ಸುರಿಸಿತು.

ಬಾಟ್‌ಗಳು ಎಲ್ಲಿಗೆ ಬರಬಾರದೆಂದು ತಿಳಿಸುವ ರೋಬಾಟ್ಸ್ ಕಡತದಲ್ಲಿ ಆ ಪುಟಗಳಿಗೆ ಬರಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ ಔಪಚಾರಿಕ ಮಾನದಂಡವಾಗಿ ಪ್ರಕಟವಾದದ್ದು 2022ರಲ್ಲಿ. ಅಲ್ಲಿಯವರೆಗಿನ ಇಪ್ಪತ್ತೆಂಟು ವರ್ಷ ಅದು ನಡೆದದ್ದು ಬರೀ ಮಾತಿನ ಮೇಲೆ, ಪರಸ್ಪರ ಮರ್ಯಾದೆಯ ಮೇಲೆ. ಪ್ರವೇಶವನ್ನು ತಡೆಯುವ ಬೀಗ ಇದಲ್ಲವೆಂದು ಆ ಮಾನದಂಡವೇ ಹೇಳುತ್ತದೆ, ಒಪ್ಪುತ್ತೇನೆ. ಆದರೆ ಬೀಗವಿಲ್ಲ ಎಂಬುದು ನುಗ್ಗಲು ಕೊಟ್ಟ ಅನುಮತಿಯಲ್ಲ.

ನನ್ನಂಥ ಸಣ್ಣವರ ಪಾಡು ಮಾತ್ರ ಇದಲ್ಲ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ ತನ್ನ ವಿಷಯವನ್ನೆಲ್ಲ ದೊಡ್ಡ ಕಡತಗಳಾಗಿ ಕಟ್ಟಿ ಉಚಿತವಾಗಿ ಕೊಡುತ್ತದೆ; ಆದರೂ 2024ರ ಜನವರಿಯಿಂದ ಚಿತ್ರ, ವಿಡಿಯೋಗಳ ಇಳಿಕೆಗೆ ತಗಲುವ ಬ್ಯಾಂಡ್‌ವಿಡ್ತ್ ಶೇ. 50ರಷ್ಟು ಏರಿತೆಂದೂ, ತನಗೆ ಅತಿ ದುಬಾರಿಯಾಗುವ ದಟ್ಟಣೆಯಲ್ಲಿ ಶೇ. 65 ಬಾಟ್‌ಗಳದ್ದೆಂದೂ 2025ರ ಏಪ್ರಿಲ್‌ನಲ್ಲಿ ಅದು ಹೇಳಿಕೊಂಡಿತು. ತಂತ್ರಾಂಶಗಳ ಕೈಪಿಡಿಗಳನ್ನಿಡುವ ರೀಡ್ ದ ಡಾಕ್ಸ್ ತಾಣದಿಂದ 2024ರ ಮೇ ತಿಂಗಳಲ್ಲಿ ಒಂದೇ ಕ್ರಾಲರ್ 73 ಟೆರಾಬೈಟ್ ಎಳೆದುಕೊಂಡಿತು. ಬಿಲ್ಲು ಐದು ಸಾವಿರ ಡಾಲರ್ ದಾಟಿತು. ಅದೇ ಕಡತಗಳನ್ನು ಮತ್ತೆ ಮತ್ತೆ ಇಳಿಸಿಕೊಂಡದ್ದರ ಫಲ ಅದು. ತಮ್ಮ ಕಡೆ ಒಂದು ಪ್ರತಿ ಉಳಿಸಿಕೊಳ್ಳುವ ಶ್ರಮವನ್ನೂ ಇಂಥ ಕ್ರಾಲರ್ ನಡೆಸುವವರು ಪಡುವುದಿಲ್ಲ. ಆ ಖರ್ಚು ನಮ್ಮ ತಲೆಯ ಮೇಲೆ.

‘ಸಾರ್ವಜನಿಕವಾಗಿ ಇಟ್ಟ ಮೇಲೆ ಯಾರು ಓದಿದರೇನು?’ ಎಂದು ಗೆಳೆಯರೊಬ್ಬರು ಬೆಳಿಗ್ಗೆ ಕೇಳಿದರು. ಓದಲಿ ಎಂದೇ ಇಟ್ಟಿದ್ದು. ಆದರೆ ನಿನ್ನೆ ರಾತ್ರಿ ನಾಲ್ಕೂವರೆ ಗಂಟೆ ಯಾರಿಗೂ ಅದನ್ನು ಓದಲಾಗಲಿಲ್ಲ. ದೊಡ್ಡ ಕಂಪನಿಯೊಂದರ ರಕ್ಷಣೆಯ ಹಿಂದೆ ಹೋಗಿಬಿಡು ಎಂಬ ಸಲಹೆಯೂ ಬಂತು. ಅಲ್ಲಿಗೆ ಹೋಗಬಾರದೆಂದೇ ಅಲ್ಲವೇ ನಾನು ಸ್ವಂತ ಸರ್ವರ್ ಇಟ್ಟುಕೊಂಡದ್ದು? ನನ್ನ ಮನೆಗೆ ಯಾರು ಬರಬೇಕೆಂಬುದನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಿಲ್ಲ.

ಕೊನೆಗೆ ಬೆಳಗಿನ ಜಾವ ಬಾಟ್‌ಗಳನ್ನು ತಡೆಯುವ ಅನುಬಿಸ್ ಎಂಬ ತಂತ್ರಾಂಶ ಹಾಕಿದೆ. ಬಂದವರ ಬ್ರೌಸರ್‌ಗೆ ಅದು ಸಣ್ಣದೊಂದು ಲೆಕ್ಕ ಕೊಡುತ್ತದೆ: ಇಷ್ಟು ಸೊನ್ನೆಗಳಿಂದ ಶುರುವಾಗುವ ಎಸ್‌ಎಚ್‌ಎ-256 ಹ್ಯಾಶ್ (ಒಂದು ಸೂತ್ರದಿಂದ ಬರುವ ಉದ್ದನೆಯ ಸಂಖ್ಯೆ) ಹುಡುಕಿಕೊಂಡು ಬಾ ಎಂದು. ಒಬ್ಬ ಓದುಗನಿಗೆ ಅದು ಒಂದೆರಡು ಕ್ಷಣದ ಕೆಲಸ, ಲಕ್ಷಾಂತರ ಪುಟ ಕೇಳುವವನಿಗೆ ದೊಡ್ಡ ಖರ್ಚು. ಸ್ಪ್ಯಾಮ್ ಮೇಲ್ ತಡೆಯಲು 1997ರಲ್ಲಿ ಆ್ಯಡಮ್ ಬ್ಯಾಕ್ ರೂಪಿಸಿದ ಹ್ಯಾಶ್‌ಕ್ಯಾಶ್‌ನ ಉಪಾಯವೇ ಇದು. ಹತ್ತೇ ನಿಮಿಷದಲ್ಲಿ ಸರ್ವರ್ ತಣ್ಣಗಾಯಿತು.

ಆದರೆ ಒಂಬತ್ತು ಗಂಟೆಗೆ ಒಂದು ಮೇಲ್ ಬಂತು. ಆ ಲೆಕ್ಕ ಮಾಡಲು ಬ್ರೌಸರ್‌ಗೆ ಬೇಕಾದ ಜಾವಾಸ್ಕ್ರಿಪ್ಟ್ ಅನ್ನು ನಿಲ್ಲಿಸಿ ಫೈರ್‌ಫಾಕ್ಸ್ ಬಳಸುವ ಹಳೆಯ ಓದುಗರದು. ‘ನಿಮ್ಮ ತಾಣ ನನ್ನನ್ನು ಒಳಗೆ ಬಿಡುತ್ತಿಲ್ಲ, ನನ್ನಿಂದ ಏನಾದರೂ ತಪ್ಪಾಯಿತೇ?’ ಎಂದು ಕೇಳಿದ್ದರು. ಆ ಮೇಲ್ ಓದಿ ನನಗೆ ಅಳು ಬಂತು. ಹತ್ತು ವರ್ಷ ಒಬ್ಬರನ್ನೂ ಯಾರು, ಎತ್ತ ಎಂದು ಕೇಳದೆ ಒಳಗೆ ಬಿಟ್ಟವನು ನಾನು. ಕದ್ದು ನುಗ್ಗಿದವರಿಂದಾಗಿ, ಏನೂ ತಪ್ಪು ಮಾಡದವರನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದೆ.

ಈಗ ವ್ಯವಸ್ಥೆ ಬದಲಿಸಿದ್ದೇನೆ. ಬ್ಲೇಮ್ ಮತ್ತು ಹಳೆಯ ಕಮಿಟ್‌ಗಳ ಪುಟಗಳಿಗೆ ಮಾತ್ರ ಲೆಕ್ಕದ ಪರೀಕ್ಷೆ; ಇಂದಿನ ಕಡತಗಳು, ಟಿಪ್ಪಣಿಗಳು, ಕ್ಲೋನ್ ಎಲ್ಲವೂ ಮೊದಲಿನಂತೆ ಮುಕ್ತ. ಪರೀಕ್ಷೆಯ ಪುಟದ ಮೇಲ್ಭಾಗದಲ್ಲೇ ಕ್ಲೋನ್ ಮಾಡುವ ವಿಳಾಸವನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ್ದೇನೆ. ಆ ಓದುಗರಿಗೆ ಕ್ಷಮೆ ಕೇಳಿ ಉತ್ತರ ಬರೆದೆ. ಮಧ್ಯಾಹ್ನ ಅವರು ಮತ್ತೆ ಬಂದದ್ದು ಲಾಗ್‌ನಲ್ಲಿ ಕಂಡಿತು.